ಕ್ಯಾಪ್ ತೆಗೆಸುವ ಮೊದಲು: ಸರಿಯಾಗಿ ಕೂರದ ಹಲ್ಲಿನ ಕವಚದ ಒಂದು ಪ್ರಕರಣ

ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ 2023ರ ಬೇಸಿಗೆಯಲ್ಲಿ ಆರಂಭವಾಗಿ ಮರುವರ್ಷದ ಮೊದಲ ತಿಂಗಳುಗಳಲ್ಲಿ ಇತ್ಯರ್ಥವಾದ ಪ್ರಕರಣವಿದು. ರೋಗಿ ಪ್ರೌಢಶಾಲೆಯ ಶಿಕ್ಷಕಿ, ವಯಸ್ಸು ಐವತ್ತರ ಹತ್ತಿರ. ವೈದ್ಯರು ಸ್ವಂತ ಕ್ಲಿನಿಕ್ ನಡೆಸುವವರು, ಊರಿನಲ್ಲಿ ಒಳ್ಳೆಯ ಹೆಸರೇ ಇರುವವರು. ಗ್ರಾಹಕ ದೂರುಗಳ ಬಗ್ಗೆ ಸಲಹೆ ಕೇಳಿ ಬರುವವರಿಗೆ ಕಾಗದಪತ್ರಗಳನ್ನು ಜೋಡಿಸಿಕೊಡುವ ಕೆಲಸ ನನ್ನದಾದ್ದರಿಂದ ವಿಷಯ ನನ್ನ ಬಳಿಗೆ ಬಂತು. ಇಬ್ಬರ ಗುರುತು ಸಿಗುವಂಥ ವಿವರಗಳನ್ನು ಇಲ್ಲಿ ಕೈಬಿಟ್ಟಿದ್ದೇನೆ.

ಹಿನ್ನೆಲೆ

ಆ ವರ್ಷದ ಮಾರ್ಚ್‌ನಲ್ಲಿ ಶಿಕ್ಷಕಿಗೆ ಎಡಗಡೆ ಕೆಳದವಡೆಯ ಮೊದಲ ದೊಡ್ಡ ದವಡೆ ಹಲ್ಲಿನಲ್ಲಿ ರಾತ್ರಿಯ ಹೊತ್ತು ನೋವು ಶುರುವಾಯಿತು. ಹಿಂದೆಂದೋ ತುಂಬಿಸಿದ್ದ ಹಲ್ಲಿನ ಕೆಳಗೆ ಹುಳುಕು ಹರಡಿ ನರದವರೆಗೆ ಮುಟ್ಟಿತ್ತು. ದಂತವೈದ್ಯರು ರೂಟ್ ಕೆನಾಲ್ ಮಾಡಿ, ಅದರ ಮೇಲೆ ಜಿರ್ಕೋನಿಯಾ ಎಂಬ ಗಟ್ಟಿ ಪಿಂಗಾಣಿಯಂಥ ವಸ್ತುವಿನ ಕ್ಯಾಪ್ ಕೂರಿಸುವುದಾಗಿ ಹೇಳಿದರು. ಇದರಲ್ಲಿ ಅಸಹಜವಾದದ್ದೇನೂ ಇರಲಿಲ್ಲ. ದೊಡ್ಡ ಹುಳುಕಿದ್ದು ರೂಟ್ ಕೆನಾಲ್ ಆದ ದವಡೆ ಹಲ್ಲು ಅಗಿಯುವ ಒತ್ತಡಕ್ಕೆ ಸೀಳಿಹೋಗುವ ಸಂಭವ ಹೆಚ್ಚಾದ್ದರಿಂದ ಅದನ್ನು ಕವಚದೊಳಗೆ ಭದ್ರಪಡಿಸುವುದು ಎಲ್ಲೆಡೆ ನಡೆಯುವ ಕ್ರಮ. ರೂಟ್ ಕೆನಾಲ್‌ಗೆ 5,500 ರೂಪಾಯಿಯನ್ನು ನಗದಾಗಿ, ಕ್ಯಾಪ್‌ಗೆ 9,000 ರೂಪಾಯಿಯನ್ನು ಯುಪಿಐ ಮೂಲಕ ಕೊಡಲಾಯಿತು. ಬಿಲ್ಲನ್ನು ಅವರು ಕೇಳಲಿಲ್ಲ, ಕ್ಲಿನಿಕ್ ಕೊಡಲೂ ಇಲ್ಲ. ನಮ್ಮ ಊರುಗಳಲ್ಲಿ ಇದು ಎಷ್ಟು ಮಾಮೂಲಿ ಎಂದರೆ, ಬಿಲ್ ಕೇಳಿದವರನ್ನೇ ವೈದ್ಯರ ಮೇಲೆ ನಂಬಿಕೆಯಿಲ್ಲದವರೆಂಬಂತೆ ನೋಡುವುದುಂಟು.

ಎಸ್ಸೆಸ್ಸೆಲ್ಸಿ ಪರೀಕ್ಷೆ, ಮೌಲ್ಯಮಾಪನ, ಅದರ ಬೆನ್ನಿಗೇ ವಿಧಾನಸಭಾ ಚುನಾವಣೆಯ ತರಬೇತಿ ಮತ್ತು ಮೇ 10ರ ಮತದಾನದ ಕರ್ತವ್ಯ ಇವೆಲ್ಲದರ ನಡುವೆ ಸಿಕ್ಕ ಬಿಡುವಿನಲ್ಲಿ ಚಿಕಿತ್ಸೆ ನಡೆಯಿತು. ರೂಟ್ ಕೆನಾಲ್ ಏಪ್ರಿಲ್‌ನಲ್ಲೇ ಮುಗಿದಿತ್ತು. ಮತದಾನ ಮುಗಿದ ಮರುವಾರ ಹಲ್ಲನ್ನು ಸುತ್ತಲೂ ಸವೆಸಿ, ಮೇಣದಂತಹ ವಸ್ತುವನ್ನು ಕಚ್ಚಿಸಿ ಅಳತೆ ತೆಗೆದು, ಬೇರೆ ಊರಿನ ಲ್ಯಾಬ್‌ಗೆ ಕಳಿಸಿದರು. ಆ ದಿನ ಒಸಡಿನಿಂದ ರಕ್ತ ಬರುತ್ತಿದ್ದುದು, ಹತ್ತಿ ಬದಲಿಸಿ ಬದಲಿಸಿ ಅಳತೆ ತೆಗೆದದ್ದು ಶಿಕ್ಷಕಿಗೆ ನೆನಪಿತ್ತು. ಅದರ ಮಹತ್ವ ಮಾತ್ರ ಆಗ ಅವರಿಗೆ ತಿಳಿಯುವಂತಿರಲಿಲ್ಲ. ಕ್ಯಾಪ್ ತಯಾರಾಗಿ ಬರುವವರೆಗೆ ತಾತ್ಕಾಲಿಕ ಕ್ಯಾಪ್ ಹಾಕಿರಲಿಲ್ಲ.

ಸಮಸ್ಯೆ ಹುಟ್ಟಿದ ಬಗೆ

ಮೇ ಕೊನೆಯ ವಾರ, ಶಾಲೆ ತೆರೆಯುವ ಹೊತ್ತಿಗೆ, ಕ್ಯಾಪ್ ಬಂತು. ಕೂರಿಸಿದ ಕೂಡಲೇ ಶಿಕ್ಷಕಿ ಅದು ಎತ್ತರವಾಗಿದೆ, ಬೇರೆ ಹಲ್ಲುಗಳು ಒಂದಕ್ಕೊಂದು ತಾಗುತ್ತಲೇ ಇಲ್ಲ ಎಂದರು. ವೈದ್ಯರು ನೀಲಿ ಕಾಗದ ಕಚ್ಚಿಸಿ ಗುರುತು ಬಿದ್ದ ಕಡೆ ಕ್ಯಾಪನ್ನು ಸವೆಸಿದರು. ಅಷ್ಟಕ್ಕೂ ಸರಿಹೋಗದಿದ್ದಾಗ ಅದಕ್ಕೆ ಎದುರಾಗಿದ್ದ ಮೇಲಿನ ಹಲ್ಲನ್ನೂ ಸ್ವಲ್ಪ ಸವೆಸಿದರು. ಮೇಲಿನದು ಯಾವ ತೊಂದರೆಯೂ ಇಲ್ಲದ ಹಲ್ಲು. ಅದನ್ನು ಮುಟ್ಟುವುದಾಗಿ ಮೊದಲೇ ಹೇಳಿರಲಿಲ್ಲ. ಅದೇ ದಿನ ಕಾಯಂ ಸಿಮೆಂಟ್ ಹಾಕಿ ಕ್ಯಾಪ್ ಕೂರಿಸಿದ್ದಾಯಿತು. “ಎರಡು ವಾರ ತಡ್ಕೊಳ್ಳಿ ಮೇಡಂ, ರೂಢಿ ಆಗುತ್ತೆ” ಎಂದು ಕಳಿಸಿಕೊಟ್ಟರು.

ಪ್ರಕರಣದ ಮೊದಲ ತಿರುವು ಈ ಸಿಮೆಂಟ್ ಎಂದು ನನ್ನ ಅಭಿಪ್ರಾಯ. ಕಚ್ಚುವಾಗ ಎತ್ತರವೆನಿಸುವ ಕ್ಯಾಪನ್ನು ತಾತ್ಕಾಲಿಕ ಸಿಮೆಂಟ್‌ನಲ್ಲಿ ಕೂರಿಸಿ, ಒಂದೆರಡು ವಾರ ಬಳಸಲು ಬಿಟ್ಟು, ಅಂಚು ಸರಿಯಿದೆಯೇ ಎಂಬುದನ್ನು ಎಕ್ಸ್‌ರೇಯಲ್ಲಿ ನೋಡಿಕೊಂಡು ಆಮೇಲೆ ಕಾಯಂ ಮಾಡುವ ಅವಕಾಶ ವೈದ್ಯರಿಗಿತ್ತು. ತಾತ್ಕಾಲಿಕ ಸಿಮೆಂಟ್‌ನಲ್ಲಿರುವ ಕ್ಯಾಪನ್ನು ಬಹುಮಟ್ಟಿಗೆ ಹಾಗೆಯೇ ಬಿಡಿಸಬಹುದು. ಕಾಯಂ ಸಿಮೆಂಟ್ ಹಾಕಿದ ಜಿರ್ಕೋನಿಯಾವನ್ನು ಸಾಮಾನ್ಯವಾಗಿ ಕೊರೆದು ತುಂಡು ಮಾಡಿಯೇ ತೆಗೆಯಬೇಕು. ಮುಂದೆ ನಡೆದ ಎಳೆದಾಟವೆಲ್ಲ ಈ ಒಂದು ವ್ಯತ್ಯಾಸದ ಸುತ್ತಲೇ ತಿರುಗಿತು.

ಎತ್ತರದ ಭಾವನೆ ದಿನ ಕಳೆದಂತೆ ಕಡಿಮೆಯಾಯಿತು. ಆದರೆ ಬೇರೆಯದೇ ತೊಂದರೆ ಶುರುವಾಯಿತು. ಕ್ಯಾಪ್ ಹಾಕಿದ ಹಲ್ಲಿಗೂ ಅದರ ಹಿಂದಿನ ಹಲ್ಲಿಗೂ ನಡುವೆ ಸೊಪ್ಪಿನ ನಾರು, ಮಂಡಕ್ಕಿ, ಮಾಂಸದ ಎಳೆ ಏನೇ ತಿಂದರೂ ಸಿಕ್ಕಿಕೊಳ್ಳುತ್ತಿತ್ತು. ಮಧ್ಯಾಹ್ನದ ಊಟವಾದ ಮೇಲೆ ತರಗತಿಗೆ ಹೋಗುವ ಮೊದಲು ಕಡ್ಡಿ ಹಾಕಿ ಬಿಡಿಸಿಕೊಳ್ಳಬೇಕಾಗುತ್ತಿತ್ತು. ಒಸಡು ಊದಿಕೊಂಡು ಬ್ರಶ್ ಮಾಡಿದಾಗ ರಕ್ತ ಬರತೊಡಗಿತು, ಬಾಯಿ ವಾಸನೆ ಬರುತ್ತಿದೆಯೇನೋ ಎಂಬ ಸಂಕೋಚಕ್ಕೆ ಅವರು ಸಹೋದ್ಯೋಗಿಗಳ ಹತ್ತಿರ ನಿಂತು ಮಾತಾಡುವುದನ್ನೂ ಕಡಿಮೆ ಮಾಡಿದರು. ಸವೆಸಿದ ಮೇಲಿನ ಹಲ್ಲು ತಣ್ಣೀರಿಗೆ ಜುಮ್ಮೆನ್ನುತ್ತಿತ್ತು.

ಅದೇ ವೈದ್ಯರ ಬಳಿ ಮತ್ತೆ ಮತ್ತೆ ಹೋದರು. ಒಮ್ಮೆ ಕ್ಯಾಪನ್ನು ಇನ್ನಷ್ಟು ಸವೆಸಿದರು. ಒಮ್ಮೆ ಒಸಡು ಸ್ವಚ್ಛಗೊಳಿಸಿ ಬಾಯಿ ಮುಕ್ಕಳಿಸುವ ಔಷಧ ಬರೆದುಕೊಟ್ಟರು. ಇನ್ನೊಮ್ಮೆ ಹಲ್ಲಿನ ಸಂದಿಗೆ ಬಳಸುವ ಚಿಕ್ಕ ಬ್ರಶ್ ತೋರಿಸಿದರು. ಕೊನೆಗೆ, “ಕ್ಯಾಪ್ ಚೆನ್ನಾಗೇ ಇದೆ, ನಿಮ್ಮ ಒಸಡಿನದೇ ತೊಂದರೆ” ಎಂಬ ಮಾತು ಬಂತು. ಈ ಭೇಟಿಗಳ ಪೈಕಿ ಯಾವುದರಲ್ಲೂ ಎಕ್ಸ್‌ರೇ ತೆಗೆಯಲಿಲ್ಲ. ಶಿಕ್ಷಕಿಯೂ ಕೇಳಲಿಲ್ಲ, ಏನನ್ನು ಕೇಳಬೇಕೆಂಬುದು ರೋಗಿಗೆ ಗೊತ್ತಿರಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ.

ಮೊದಲ ಪ್ರಯತ್ನಗಳು

ಆಗಸ್ಟ್‌ನಲ್ಲಿ ಅವರು ಬೇರೆ ಕ್ಲಿನಿಕ್‌ಗೆ ಹೋದರು. ಅಲ್ಲಿಯ ವೈದ್ಯೆ ನೋಡಿದೊಡನೆ ಕ್ಯಾಪಿನ ಅಂಚು ಹಲ್ಲಿಗೆ ಕೂತಿಲ್ಲವೆಂದೂ, ಕೊರೆದು ತೆಗೆದು ಹೊಸದು ಮಾಡಬೇಕೆಂದೂ, ಬೇಕಾದರೆ ಆವತ್ತೇ ತೆಗೆದುಬಿಡಬಹುದೆಂದೂ ಹೇಳಿದರು. ಬರೆದು ಕೊಡಿ ಎಂದಾಗ ಹಿಂಜರಿದರು. ಒಂದೇ ಊರಿನಲ್ಲಿ ವೃತ್ತಿ ಮಾಡುವ ಇಬ್ಬರಲ್ಲಿ ಒಬ್ಬರು ಇನ್ನೊಬ್ಬರ ಕೆಲಸದ ವಿರುದ್ಧ ಬರೆದುಕೊಡುವುದು ಅಪರೂಪ. ಅದನ್ನು ಹೇಡಿತನವೆಂದು ಬೈಯುವುದರಿಂದ ರೋಗಿಗೆ ಏನೂ ಸಿಗುವುದಿಲ್ಲ.

ಮನೆಯಲ್ಲಿ ಈ ಮಾತು ಬಂದಾಗ ಅವರ ಮೈದುನ, “ಅತ್ತಿಗೆ, ನೀವು ಸುಮ್ನಿರಿ, ನಾನು ಹೋಗಿ ಕೇಳ್ತೀನಿ. ಮೊದಲು ಗೂಗಲ್‌ನಲ್ಲಿ ಒಂದು ರಿವ್ಯೂ ಹಾಕ್ತೀನಿ, ಆಮೇಲೆ ಐದು ಲಕ್ಷಕ್ಕೆ ನೋಟಿಸ್ ಕಳಿಸೋಣ” ಎಂದು ಹೊರಟಿದ್ದರು. ಶಿಕ್ಷಕಿ ತಡೆದರು. ಈ ಹಂತದಲ್ಲಿ ಅವರು ನನ್ನಲ್ಲಿಗೆ ಬಂದರು. ಬರುವಾಗ ಮರುದಿನವೇ ಕ್ಯಾಪ್ ತೆಗೆಸಲು ಎರಡನೆಯ ಕ್ಲಿನಿಕ್‌ನಲ್ಲಿ ಸಮಯ ಗೊತ್ತುಮಾಡಿಕೊಂಡೇ ಬಂದಿದ್ದರು.

ಆ ಸಮಯವನ್ನು ಮುಂದೂಡಿಸಿದ್ದು ಈ ಪ್ರಕರಣದ ಎರಡನೆಯ ತಿರುವು. ಕ್ಯಾಪ್ ಸರಿಯಾಗಿ ಕೂತಿರಲಿಲ್ಲ ಎಂಬುದಕ್ಕೆ ಇರುವ ಮುಖ್ಯ ಸಾಕ್ಷಿಯೆಂದರೆ ಹಲ್ಲಿನ ಮೇಲೆ ಕೂತಿರುವ ಆ ಕ್ಯಾಪೇ. ಅದನ್ನು ಕೊರೆದು ತೆಗೆದ ಮರುಕ್ಷಣ ಚೂರುಗಳಷ್ಟೇ ಉಳಿಯುತ್ತವೆ, ಆ ಚೂರುಗಳಿಂದ ಅಂಚು ಎಲ್ಲಿ, ಎಷ್ಟು ಬಿಟ್ಟಿತ್ತೆಂದು ಯಾರೂ ಹೇಳಲಾರರು. ಮುಖ ಊದಿದ್ದರೆ, ಕೀವು ಕಟ್ಟಿದ್ದರೆ, ತಡೆಯಲಾಗದ ನೋವಿದ್ದರೆ ಸಾಕ್ಷಿಗಾಗಿ ಕಾಯುವ ಪ್ರಶ್ನೆಯೇ ಇರುತ್ತಿರಲಿಲ್ಲ, ಚಿಕಿತ್ಸೆಯೇ ಮೊದಲು. ಇಲ್ಲಿ ಅಂಥ ತುರ್ತು ಇರಲಿಲ್ಲ. ಆದ್ದರಿಂದ ಮೊದಲು ದಾಖಲೆ, ಆಮೇಲೆ ಕೊರೆಯುವ ಕೆಲಸ ಎಂದು ನಿರ್ಧಾರವಾಯಿತು.

ದಾಖಲೆ

ದಾಖಲೆ ಸಂಗ್ರಹ ಎರಡು ದಿಕ್ಕಿನಲ್ಲಿ ನಡೆಯಿತು. ಒಂದು, ಮೊದಲ ವೈದ್ಯರಿಂದ ಚಿಕಿತ್ಸೆಯ ವಿವರ ಮತ್ತು ಎಕ್ಸ್‌ರೇಗಳನ್ನು ಪಡೆಯುವುದು. ದಂತವೈದ್ಯರಿಗಾಗಿ 2014ರಲ್ಲಿ ಬಂದ ಪರಿಷ್ಕೃತ ನೀತಿ ಸಂಹಿತೆಯ ಪ್ರಕಾರ ರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದಂದಿನಿಂದ ಕನಿಷ್ಠ ಮೂರು ವರ್ಷ ಕಾಯ್ದಿರಿಸಬೇಕು. ಕೇಳುವ ಪತ್ರದಲ್ಲಿ ಆರೋಪದ ಒಂದು ಮಾತೂ ಇರಕೂಡದೆಂದು ಎಚ್ಚರ ವಹಿಸಲಾಯಿತು: “ಮುಂದಿನ ಚಿಕಿತ್ಸೆಗಾಗಿ ನನ್ನ ಎಕ್ಸ್‌ರೇಗಳು, ಚಿಕಿತ್ಸಾ ವಿವರ ಹಾಗೂ ಹಣ ಪಾವತಿಯ ರಶೀದಿ ಬೇಕಾಗಿವೆ” ಎಂದಷ್ಟೇ ಇತ್ತು. ಕ್ಲಿನಿಕ್‌ನವರು ತಕರಾರಿಲ್ಲದೆ ಕೊಟ್ಟರು. ರಶೀದಿಯಲ್ಲಿ ಮೊದಲು “ದಂತ ಚಿಕಿತ್ಸೆ, 14,500” ಎಂದು ಒಟ್ಟಾಗಿ ಬರೆದಿದ್ದರು. ಅದನ್ನು ರೂಟ್ ಕೆನಾಲ್ ಇಷ್ಟು, ಕ್ಯಾಪ್ ಇಷ್ಟು ಎಂದು ಬಿಡಿಸಿ ಬರೆಸಿಕೊಂಡದ್ದು ಮುಂದೆ ಬಹಳ ಉಪಯೋಗಕ್ಕೆ ಬಂತು.

ಆ ಕಾಗದಗಳ ಜೊತೆ ಲ್ಯಾಬಿನ ವಾರಂಟಿ ಕಾರ್ಡೂ ಇತ್ತು: ಹತ್ತು ವರ್ಷದ ಭರವಸೆ, ಹೊಳೆಯುವ ಕಾಗದ, ಹಿಂದೆ ಸಣ್ಣ ಅಕ್ಷರದ ಷರತ್ತುಗಳು. ಅದರಲ್ಲಿ ಹಲ್ಲಿನ ಸಂಖ್ಯೆ 37 ಎಂದು ನಮೂದಾಗಿತ್ತು. ಹಲ್ಲುಗಳನ್ನು ಗುರುತಿಸಲು ವೈದ್ಯರು ಬಳಸುವ ಎರಡಂಕಿಯ ಕ್ರಮದಲ್ಲಿ ಮೊದಲ ಅಂಕಿ ದವಡೆಯ ಭಾಗವನ್ನು, ಎರಡನೆಯದು ಬಾಯಿಯ ಮಧ್ಯರೇಖೆಯಿಂದ ಎಣಿಸಿದ ಸ್ಥಾನವನ್ನು ಸೂಚಿಸುತ್ತದೆ. ಶಿಕ್ಷಕಿಯ ಹಲ್ಲು 36 ಆಗಬೇಕಿತ್ತು. ಬೇರೆ ಯಾರದೋ ಕ್ಯಾಪನ್ನು ತಮಗೆ ಕೂರಿಸಿದ್ದಾರೆಂದು ಅವರಿಗೆ ಬಲವಾಗಿ ಅನ್ನಿಸಿತು. ನನಗೆ ಅದು ಬರವಣಿಗೆಯ ತಪ್ಪಿನಂತೆ ಕಂಡಿತು. ಬೇರೆ ಹಲ್ಲಿಗೆ ಮಾಡಿದ ಕ್ಯಾಪ್ ಅಷ್ಟಾದರೂ ಕೂರುವುದು ಅಸಂಭವ. ಸಾಬೀತುಪಡಿಸಲಾಗದ ದೊಡ್ಡ ಆರೋಪವೊಂದನ್ನು ಸೇರಿಸಿದರೆ ಸಾಬೀತುಪಡಿಸಬಹುದಾದ ಚಿಕ್ಕದೂ ಅದರೊಂದಿಗೆ ಸಡಿಲವಾಗುತ್ತದೆಂಬ ಕಾರಣಕ್ಕೆ ಆ ಅಂಶವನ್ನು ಪತ್ರದಿಂದ ಹೊರಗಿಟ್ಟೆವು. ವಾರಂಟಿಯೂ ಕ್ಯಾಪ್ ಒಡೆಯುವುದು, ಸೀಳುವುದು ಇಂಥವಕ್ಕೆ ಅನ್ವಯಿಸುವಂಥದಾಗಿತ್ತು. ಅದು ಹಲ್ಲಿಗೆ ಸರಿಯಾಗಿ ಕೂರುವ ಬಗ್ಗೆ ಕಾರ್ಡು ಏನೂ ಹೇಳುತ್ತಿರಲಿಲ್ಲ.

ಇನ್ನೊಂದು ದಿಕ್ಕು ಸ್ವತಂತ್ರ ಅಭಿಪ್ರಾಯದ್ದು. ಹತ್ತಿರದ ದಂತ ವೈದ್ಯಕೀಯ ಕಾಲೇಜಿನ ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸಿ, ಕೃತಕ ದಂತ ವಿಭಾಗದಲ್ಲಿ ತೋರಿಸುವುದೆಂದಾಯಿತು. ಅಲ್ಲಿ ಏನನ್ನು ಕೇಳಬೇಕೆಂಬುದನ್ನು ಮೊದಲೇ ಯೋಚಿಸಿಕೊಂಡಿದ್ದೆವು. “ತಪ್ಪು ಯಾರದು?” ಎಂದು ಕೇಳಿದರೆ ಯಾವ ಪ್ರಾಧ್ಯಾಪಕರೂ ಉತ್ತರಿಸುವುದಿಲ್ಲ, “ಈ ಕ್ಯಾಪಿನ ಈಗಿನ ಸ್ಥಿತಿ ಏನು, ಮುಂದೇನು ಮಾಡಬೇಕು?” ಎಂದರೆ ಅದು ದಿನನಿತ್ಯದ ತಪಾಸಣೆ, ಬರೆದುಕೊಡಲು ಯಾರಿಗೂ ಅಳುಕಿಲ್ಲ. ವೈದ್ಯಕೀಯ ಲೋಪದ ಬಹಳಷ್ಟು ದೂರುಗಳು ಮೊದಲ ಪ್ರಶ್ನೆಯ ಹತ್ತಿರವೇ ಮುಗ್ಗರಿಸುತ್ತವೆ.

ಕಾಲೇಜಿನಲ್ಲಿ ಎರಡು ಬಗೆಯ ಎಕ್ಸ್‌ರೇ ತೆಗೆದರು. ಒಂದು ಬೇರಿನ ತುದಿಯವರೆಗೆ ತೋರಿಸುವಂಥದು. ಇನ್ನೊಂದು ಫಿಲ್ಮನ್ನು ಕಚ್ಚಿಸಿ ಮೇಲಿನ ಮತ್ತು ಕೆಳಗಿನ ಹಲ್ಲುಗಳ ಮೇಲ್ಭಾಗವನ್ನು ಒಟ್ಟಿಗೆ ಹಿಡಿಯುವಂಥದು. ಎರಡನೆಯದು ಮುಖ್ಯ, ಏಕೆಂದರೆ ಎಕ್ಸ್‌ರೇ ಯಂತ್ರದ ಕೋನ ಸ್ವಲ್ಪ ಓರೆಯಾದರೂ ಇರುವ ಸಂದಿ ಮುಚ್ಚಿಹೋಗಬಹುದು, ಇಲ್ಲದ ಸಂದಿ ಇದ್ದಂತೆ ಕಾಣಬಹುದು. ಕ್ಯಾಪಿನ ಅಂಚನ್ನು ನೋಡಲು ಕಚ್ಚಿಸಿ ತೆಗೆದದ್ದೇ ಹೆಚ್ಚು ನಂಬಿಕೆಗೆ ಅರ್ಹ. ಅದರಲ್ಲಿ ಬೆಳ್ಳಗೆ ಕಾಣುವ ಕ್ಯಾಪಿಗೂ ಅದರ ಕೆಳಗಿನ ಹಲ್ಲಿಗೂ ನಡುವೆ, ಹಿಂಬದಿಯಲ್ಲಿ, ಬೆಣೆಯಾಕಾರದ ಕಪ್ಪು ಜಾಗವೊಂದು ಸ್ಪಷ್ಟವಾಗಿತ್ತು. ಹಲ್ಲಿನ ಸಂದಿಯಲ್ಲಿ ದಾರ ಹಾಯಿಸಿದಾಗ ಎಲ್ಲಿಯೂ ತಡೆಯದೆ ಸಲೀಸಾಗಿ ಇಳಿಯಿತು; ಪಕ್ಕದ ಹಲ್ಲುಗಳು ಒಂದಕ್ಕೊಂದು ತಾಗಿದ್ದರೆ ದಾರ ಅಲ್ಲಿ ಸ್ವಲ್ಪ ಬಿಗಿಯಾಗಿ ಹಿಡಿದು ಆಮೇಲೆ ಇಳಿಯಬೇಕು.

ಕ್ಯಾಪ್ ಎಂದಮೇಲೆ ಅಂಚಿನಲ್ಲಿ ಒಂದಿಷ್ಟು ಸಂದಿ ಇದ್ದೇ ಇರುತ್ತದೆ. 1971ರಲ್ಲಿ ಮೆಕ್‌ಲೀನ್ ಮತ್ತು ಫಾನ್ ಫ್ರಾನ್‌ಹೋಫರ್ ಎಂಬ ಇಬ್ಬರು ನಡೆಸಿದ ಅಧ್ಯಯನದ ಆಧಾರದಲ್ಲಿ 120 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಎಂಟನೆಯ ಒಂದು ಭಾಗಕ್ಕಿಂತ ಕಡಿಮೆ, ಒಪ್ಪಬಹುದಾದ ಮಿತಿಯೆಂದು ಇಂದಿಗೂ ಉಲ್ಲೇಖಿಸುತ್ತಾರೆ. ಕಾಲೇಜಿನಲ್ಲಿ ಮೈಕ್ರಾನ್ ಅಳೆಯಲಿಲ್ಲ, ಅಳೆಯುವ ಅಗತ್ಯವೂ ಬೀಳಲಿಲ್ಲ. ಚೂಪು ತುದಿಯ ಸಲಾಕೆಯನ್ನು ಅಂಚಿನ ಗುಂಟ ಎಳೆದಾಗ ಅದು ಸಂದಿಯೊಳಗೆ ಹೊಕ್ಕು ನಿಂತಿತು. ಚೀಟಿಯ ಮೇಲೆ ಅವರು ಬರೆದದ್ದು ಅರ್ಧ ಪುಟ: 36ರ ಕ್ಯಾಪಿನ ಹಿಂಬದಿಯ ಅಂಚು ತೆರೆದಿದೆ, 37ರೊಂದಿಗೆ ಸ್ಪರ್ಶವಿಲ್ಲ, ಆ ಭಾಗದ ಒಸಡಿನಲ್ಲಿ ಉರಿಯೂತವಿದೆ, ರೂಟ್ ಕೆನಾಲ್ ತೃಪ್ತಿಕರವಾಗಿದೆ, ಬೇರಿನ ತುದಿಯಲ್ಲಿ ಸೋಂಕಿನ ಲಕ್ಷಣವಿಲ್ಲ, 26ರ (ಎದುರಿನ ಮೇಲಿನ ಹಲ್ಲಿನ) ಅಗಿಯುವ ಮೇಲ್ಮೈ ಸವೆದಿದೆ, ಕ್ಯಾಪ್ ಬದಲಿಸುವುದು ಸೂಕ್ತ. ನಿರ್ಲಕ್ಷ್ಯ, ಲೋಪ ಎಂಬ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ಅದು ಇಲ್ಲದಿದ್ದುದೇ ಆ ಚೀಟಿಯ ಬಲ.

ದಾರಿಗಳ ಆಯ್ಕೆ

ಈಗ ಎದುರಿಗಿದ್ದ ದಾರಿಗಳು ಹಲವು. ರಾಜ್ಯ ದಂತ ವೈದ್ಯ ಪರಿಷತ್ತಿಗೆ ದೂರು ಕೊಡಬಹುದಿತ್ತು. ಪರಿಷತ್ತು ವೈದ್ಯರ ಮೇಲೆ ಶಿಸ್ತುಕ್ರಮ ಕೈಗೊಳ್ಳಬಲ್ಲದು, ರೋಗಿಗೆ ಹಣ ಕೊಡಿಸಲಾರದು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರವಿದೆ. ಇನ್ನು ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗ: ಹಣ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿ ಬಹಳ ಕಾಲವಾಯಿತು. 2019ರ ಕಾಯ್ದೆಯ ಪ್ರಕಾರ ದೂರಿನ ಕಾರಣ ಉಂಟಾದ ಎರಡು ವರ್ಷದೊಳಗೆ ದೂರು ಕೊಡಬೇಕು. ಸೇವೆಗೆ ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ.

ಶುಲ್ಕ ನಿಗದಿಯಾಗುವುದು ಕೊಟ್ಟ ಹಣದ ಮೇಲೆ, ಕೇಳುವ ಪರಿಹಾರದ ಮೇಲಲ್ಲ. ಹಾಗಾಗಿ ಮೈದುನನಂತೆ ಐದು ಲಕ್ಷ ಕೇಳುವುದಕ್ಕೆ ಖರ್ಚೇನೂ ಆಗುತ್ತಿರಲಿಲ್ಲ, ಮತ್ತು ಅನೇಕರು ಹಾಗೆ ಕೇಳುವುದಕ್ಕೆ ಇದೂ ಒಂದು ಕಾರಣ. ಆದರೆ ಒಂಬತ್ತು ಸಾವಿರದ ಕ್ಯಾಪಿಗೆ ಐದು ಲಕ್ಷದ ನೋಟಿಸ್ ಬಂದರೆ ವೈದ್ಯರು ಅದನ್ನು ನೇರ ವಕೀಲರ ಕೈಗೆ ಕೊಡುತ್ತಾರೆ, ಅಲ್ಲಿಂದಾಚೆಗೆ ಮಾತುಕತೆಗೆ ಬಾಗಿಲೇ ಇರುವುದಿಲ್ಲ. ಫಲಿತಾಂಶ ಕೆಟ್ಟಿತೆಂಬುದೊಂದೇ ನಿರ್ಲಕ್ಷ್ಯಕ್ಕೆ ಸಾಕ್ಷಿಯಲ್ಲ, ಸಾಧಾರಣ ಕೌಶಲವುಳ್ಳ ವೈದ್ಯರು ತೋರುವ ಎಚ್ಚರವನ್ನು ತೋರಿದ್ದಾರೆಯೇ ಎಂಬುದೇ ಅಳತೆಗೋಲು ಎಂಬುದು 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಿಂದ ಗಟ್ಟಿಯಾಗಿರುವ ನಿಲುವು. ಎಲ್ಲ ಪ್ರಕರಣಗಳಲ್ಲೂ ತಜ್ಞರ ಅಭಿಪ್ರಾಯ ಕಡ್ಡಾಯವಲ್ಲವೆಂದು 2010ರ ಕಿಶನ್ ರಾವ್ ತೀರ್ಪು ಹೇಳಿದ್ದರೂ ಕ್ಯಾಪಿನ ಅಂಚಿನಂಥ ಸೂಕ್ಷ್ಮ ವಿಷಯದಲ್ಲಿ ಆಯೋಗ ಅದನ್ನು ಕೇಳುವ ಸಾಧ್ಯತೆಯೇ ಹೆಚ್ಚು. ಎರಡು ವರ್ಷದ ಅವಧಿ ಇನ್ನೂ ಸಾಕಷ್ಟಿದ್ದುದರಿಂದ ಆಯೋಗದ ದಾರಿಯನ್ನು ಕೈಯಲ್ಲಿಟ್ಟುಕೊಂಡು, ಮೊದಲು ವೈದ್ಯರಿಗೇ ಪತ್ರ ಬರೆಯುವುದೆಂದಾಯಿತು. ಗೂಗಲ್ ರಿವ್ಯೂ ಸದ್ಯಕ್ಕೆ ಬೇಡ ಎಂದೂ ತೀರ್ಮಾನವಾಯಿತು: ಒಮ್ಮೆ ಹಾಕಿದ ಮೇಲೆ ಎದುರಿನವರಿಗೆ ಒಪ್ಪಂದಕ್ಕೆ ಬರುವ ಆಸಕ್ತಿಯೇ ಕಡಿಮೆಯಾಗುತ್ತದೆ.

ಪತ್ರದಲ್ಲಿ ರೂಟ್ ಕೆನಾಲ್‌ನ ಹಣವನ್ನು ಕೇಳಲಿಲ್ಲ. ಇದಕ್ಕೆ ಶಿಕ್ಷಕಿಯನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. ಒಟ್ಟು ಅನುಭವವೇ ಕಹಿಯಾಗಿದ್ದಾಗ ಅದರ ಒಂದು ಭಾಗ ಸರಿಯಿತ್ತೆಂದು ಬರೆಯುವುದು ಯಾರಿಗೂ ಕಷ್ಟ. ಆದರೂ ಕಾಲೇಜಿನ ಚೀಟಿಯೇ ಅದು ತೃಪ್ತಿಕರವೆಂದು ಹೇಳುತ್ತಿದ್ದಾಗ ಅದರ ಹಣ ಕೇಳಿದರೆ ಅದೇ ಚೀಟಿಯನ್ನು ನಾವೇ ಅಲ್ಲಗಳೆದಂತೆ. ಪತ್ರ ಹೀಗೆ ನಿಂತಿತು: ಚಿಕಿತ್ಸೆಯ ದಿನಾಂಕಗಳು, ಮರುಭೇಟಿಗಳಲ್ಲಿ ಹೇಳಿಕೊಂಡ ತೊಂದರೆ, ಕಾಲೇಜಿನ ತಪಾಸಣೆಯ ಸಾರಾಂಶ ಮತ್ತು ಪ್ರತಿ, ಕ್ಯಾಪಿನ 9,000 ರೂಪಾಯಿ ವಾಪಸು ಹಾಗೂ ಬದಲಿಸುವ ಖರ್ಚಿನ ಒಂದು ಭಾಗ, 26ನೆಯ ಹಲ್ಲನ್ನು ಸವೆಸಿದ್ದಕ್ಕೆ ವಿವರಣೆ, ಉತ್ತರಕ್ಕೆ ಹದಿನೈದು ದಿನ. ಒಪ್ಪಿಗೆ ಪಡೆದ ಚಿಕಿತ್ಸೆಯ ಆಚೆಗೆ ಹೋಗಲು ಮತ್ತೆ ಒಪ್ಪಿಗೆ ಬೇಕೆಂಬ ತತ್ತ್ವ 2008ರ ಸಮೀರಾ ಕೊಹ್ಲಿ ತೀರ್ಪಿನಲ್ಲಿದೆಯಾದರೂ ಅದನ್ನು ಪತ್ರದಲ್ಲಿ ಉದ್ಧರಿಸಲಿಲ್ಲ. ವೈದ್ಯರಿಗೆ ಬರೆಯುವ ಮೊದಲ ಪತ್ರದಲ್ಲೇ ತೀರ್ಪುಗಳ ಹೆಸರು ತುಂಬುವುದು ನನಗೆ ಸರಿಕಾಣುವುದಿಲ್ಲ. ರಿಜಿಸ್ಟರ್ಡ್ ಅಂಚೆಯಲ್ಲಿ, ಸ್ವೀಕೃತಿ ಚೀಟಿ ಸಹಿತ ಕಳಿಸಲಾಯಿತು.

ಎದುರಾಬದುರು

ಉತ್ತರ ಪತ್ರದಲ್ಲಿ ಬರಲಿಲ್ಲ, ಫೋನಿನಲ್ಲಿ ಬಂತು. ಮೊದಲು ಸಿಟ್ಟು: “ಇಷ್ಟು ವರ್ಷದಲ್ಲಿ ನನಗೆ ಯಾರೂ ರಿಜಿಸ್ಟರ್ಡ್ ಪೋಸ್ಟ್ ಕಳಿಸಿರಲಿಲ್ಲ ಮೇಡಂ.” ಆಮೇಲೆ, ಬೇಕಾದರೆ ಉಚಿತವಾಗಿ ಹೊಸ ಕ್ಯಾಪ್ ಮಾಡಿಕೊಡುತ್ತೇನೆಂಬ ಮಾತು. ಈ ಕೊಡುಗೆಯನ್ನು ತೂಗಿ ನೋಡಬೇಕಿತ್ತು. ಅಳತೆ ಸರಿಯಿದ್ದೂ ಕ್ಯಾಪ್ ಕೂರದಿದ್ದರೆ ಅನೇಕ ಲ್ಯಾಬ್‌ಗಳು ವೈದ್ಯರಿಗೆ ಅದನ್ನು ಮತ್ತೆ ಮಾಡಿಕೊಡುತ್ತವೆ. ವೈದ್ಯರಿಗೆ ಆಗುವ ನಷ್ಟ ಹೆಚ್ಚಾಗಿ ಸಮಯದ್ದು. ಹಾಗೆಂದು ಅದು ಪೊಳ್ಳು ಕೊಡುಗೆಯೂ ಅಲ್ಲ, ಹಲ್ಲಿನ ಹಿಂದಿನ ಸ್ಥಿತಿ ಚೆನ್ನಾಗಿ ಗೊತ್ತಿರುವವರು ಅವರೇ. ಆದರೆ ತಿಂಗಳುಗಟ್ಟಲೆ “ನಿಮ್ಮ ಒಸಡಿನದೇ ತೊಂದರೆ” ಎಂದು ಕೇಳಿಸಿಕೊಂಡ ಶಿಕ್ಷಕಿ ಮತ್ತೆ ಅದೇ ಕುರ್ಚಿಯಲ್ಲಿ ಬಾಯಿ ತೆರೆಯಲು ಸಿದ್ಧರಿರಲಿಲ್ಲ. ಚಿಕಿತ್ಸೆಗಲ್ಲ, ಎಕ್ಸ್‌ರೇ ತೋರಿಸಿ ಮಾತಾಡುವುದಕ್ಕೆ ಮಾತ್ರ ಹೋಗುವುದೆಂದು ಒಪ್ಪಿದರು.

ಆ ಭೇಟಿಯಲ್ಲಿ ನಾನೂ ಇದ್ದೆ. ಕ್ಲಿನಿಕ್ ಮುಚ್ಚುವ ಹೊತ್ತು, ಸಹಾಯಕಿ ಉಪಕರಣಗಳನ್ನು ತೊಳೆಯುತ್ತಿದ್ದಳು. ಶಿಕ್ಷಕಿ ಕಾಲೇಜಿನ ಎಕ್ಸ್‌ರೇಯನ್ನು ಮೇಜಿನ ಮೇಲಿಟ್ಟು ಸುಮ್ಮನೆ ಕುಳಿತರು. ವೈದ್ಯರು ಅದನ್ನು ಬೆಳಕಿಗೆ ಹಿಡಿದು ನೋಡಿ, ಕೋನ ಓರೆಯಾಗಿರಬಹುದೆಂದರು. ಕಚ್ಚಿಸಿ ತೆಗೆದದ್ದೆಂದು ಚೀಟಿಯಲ್ಲಿದ್ದುದನ್ನು ಓದಿಕೊಂಡರು. ಆಮೇಲೆ ತಾವೇ, “ಒಂದು ಸಲ ನೋಡ್ಲಾ?” ಎಂದು ಕೇಳಿ, ಶಿಕ್ಷಕಿ ಹೂಂ ಎಂದ ಮೇಲೆ ಸಲಾಕೆ ತೆಗೆದುಕೊಂಡು ಅಂಚಿನ ಗುಂಟ ಎಳೆದರು. ಹಿಂಬದಿಗೆ ಬಂದಾಗ ಕೈ ನಿಂತಿತು. ಇನ್ನೊಮ್ಮೆ ಎಳೆದು ನೋಡಿ ಕೈಗವಸು ಕಳಚಿದರು. “ಅಳತೆ ತೆಗೆಯೋ ದಿನ ರಕ್ತ ನಿಲ್ತಾ ಇರಲಿಲ್ಲ. ಆವತ್ತು ಮುಂದಕ್ಕೆ ಹಾಕಬೇಕಿತ್ತು. ರಜೆ ಮುಗಿಯೋದರೊಳಗೆ ಮಾಡಿ ಅಂತ ನೀವೂ ಅಂದಿದ್ರಿ.”

ಈ ಮಾತಿನಲ್ಲಿ ಸತ್ಯವಿದೆ. ರಕ್ತ ಜಿನುಗುವ ಒಸಡಿನ ಬಳಿ ತೆಗೆದ ಅಳತೆಯಲ್ಲಿ ಅಂಚಿನ ಗೆರೆ ಸರಿಯಾಗಿ ಮೂಡುವುದಿಲ್ಲ, ಲ್ಯಾಬಿನವರು ಆ ಮಸುಕಾದ ಗೆರೆಯನ್ನೇ ಆಧಾರವಾಗಿಟ್ಟುಕೊಂಡು ಕ್ಯಾಪ್ ಮಾಡುತ್ತಾರೆ. ಶಿಕ್ಷಕಿ ಅವಸರಪಡಿಸಿದ್ದೂ ನಿಜ, ಅದನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ರೋಗಿಯ ಅವಸರ ಒಂದು ಕೋರಿಕೆ ಮಾತ್ರ. ಒಸಡು ವಾಸಿಯಾಗುವವರೆಗೆ ಅಳತೆ ತೆಗೆಯಕೂಡದೆಂದು ನಿರ್ಧರಿಸುವ ಜ್ಞಾನವೂ ಹೊಣೆಯೂ ವೈದ್ಯರದೇ. ಇಷ್ಟನ್ನು ಹೇಳಿದೆ. ಅವರು ವಾದಿಸಲಿಲ್ಲ. ಅದೇ ಸಂಜೆ ಎಷ್ಟು ಹಣ, ಹೇಗೆ ಎಂಬ ಮಾತಿಗೆ ಬಂದೆವು.

ಒಪ್ಪಂದದ ಕಾಗದ

ಕ್ಯಾಪಿನ 9,000, ಬದಲಿಸುವ ಖರ್ಚಿಗೆಂದು 3,000, ಒಟ್ಟು 12,000 ರೂಪಾಯಿ ಎಂದಾಯಿತು. ಕೆಲವು ದಿನಗಳ ನಂತರ ವೈದ್ಯರು ಕಳಿಸಿದ ಕರಡಿನಲ್ಲಿ ಮೂರು ಷರತ್ತುಗಳಿದ್ದವು. ಹಣ ಕೊಡುವುದು ತಪ್ಪೊಪ್ಪಿಗೆಯಲ್ಲ ಎಂಬುದು ಮೊದಲನೆಯದು. ಅದನ್ನು ಹಾಗೆಯೇ ಒಪ್ಪಿದೆವು, ಇಂಥ ವಾಕ್ಯವಿಲ್ಲದೆ ಯಾವ ವೈದ್ಯರೂ ಸಹಿ ಹಾಕುವುದಿಲ್ಲ, ಅದರಿಂದ ರೋಗಿಗೆ ನಷ್ಟವೂ ಇಲ್ಲ. ಈ ಚಿಕಿತ್ಸೆಗೆ ಸಂಬಂಧಿಸಿದ ಹಿಂದಿನ, ಇಂದಿನ, ಮುಂದಿನ ಎಲ್ಲ ಹಕ್ಕುಗಳೂ ಇತ್ಯರ್ಥವಾದವೆಂಬುದು ಎರಡನೆಯದು. ಯಾರಿಗೂ ಏನನ್ನೂ ಹೇಳಕೂಡದು, ಯಾವ ಪ್ರಾಧಿಕಾರಕ್ಕೂ ದೂರು ಕೊಡಕೂಡದು ಎಂಬುದು ಮೂರನೆಯದು.

ಮೂರನೆಯದನ್ನು ಶಿಕ್ಷಕಿ ಪೂರ್ತಿ ಹೊಡೆದುಹಾಕಿದರು; ಮುಂದೆ ಬೇರೆ ವೈದ್ಯರಿಗೆ ಈ ಹಲ್ಲಿನ ಚರಿತ್ರೆಯನ್ನು ಹೇಳಲೂ ಆಗದಂಥ ಕಾಗದಕ್ಕೆ ಸಹಿ ಹಾಕುವುದಿಲ್ಲವೆಂದರು. ವೈದ್ಯರ ನಿಜವಾದ ಆತಂಕ ಗೂಗಲ್ ರಿವ್ಯೂ ಎಂಬುದು ಮಾತಿನಲ್ಲಿ ಹೊರಬಿತ್ತು, ಅದನ್ನು ಬರೆಯುವುದಿಲ್ಲವೆಂದು ಆಕೆ ಬಾಯಿಮಾತಿನಲ್ಲಿ ಹೇಳಿದ್ದೇ ಸಾಕಾಯಿತು. ಎರಡನೆಯ ಷರತ್ತನ್ನು “36ನೆಯ ಹಲ್ಲಿನ ಕ್ಯಾಪಿಗೆ ಮಾತ್ರ” ಎಂದು ಕಿರಿದುಗೊಳಿಸಲಾಯಿತು. ಹೀಗೆ ಮಾಡಿದ್ದರಿಂದ ಸವೆದ ಮೇಲಿನ ಹಲ್ಲು ಒಪ್ಪಂದದ ಹೊರಗೆ ಉಳಿಯಿತು.

ಸಹಿ ಯಾವಾಗ ಹಾಕಬೇಕೆಂಬುದರಲ್ಲಿ ಮಾತ್ರ ತೊಡಕಿತ್ತು. ಕ್ಯಾಪ್ ತೆಗೆದ ಮೇಲೆ ಕೆಳಗಿನ ಹಲ್ಲಿನ ಸ್ಥಿತಿ ನೋಡಿ ಸಹಿ ಹಾಕುವುದೇ ಕ್ರಮವೆಂದು ನಾನು ಹೇಳಿದ್ದೆ, ಏಕೆಂದರೆ ತೆರೆದ ಅಂಚಿನೊಳಗೆ ತಿಂಗಳುಗಳ ಕಾಲ ಏನು ಸೇರಿತ್ತೆಂಬುದು ಎಕ್ಸ್‌ರೇಯಲ್ಲಿ ಪೂರ್ತಿ ಕಾಣುವುದಿಲ್ಲ. ಜಿರ್ಕೋನಿಯಾ ತನ್ನ ಹಿಂದಿರುವುದನ್ನು ಮರೆಮಾಡುತ್ತದೆ. ವೈದ್ಯರು ಸಹಿಯಾಗದೆ ಹಣ ಕೊಡಲು ಒಪ್ಪಲಿಲ್ಲ. ವಾರ್ಷಿಕ ಪರೀಕ್ಷೆಗಳು ಹತ್ತಿರವಾಗುತ್ತಿದ್ದವು, ಶಿಕ್ಷಕಿಗೆ ವಿಷಯ ಮುಗಿದರೆ ಸಾಕಾಗಿತ್ತು. ಅಪಾಯ ತಿಳಿದೇ ಅವರು ಸಹಿ ಹಾಕಿದರು. ಹಣ ಯುಪಿಐ ಮೂಲಕ ಬಂತು.

ಆಮೇಲೆ

ಎರಡನೆಯ ಕ್ಲಿನಿಕ್‌ನ ವೈದ್ಯೆಯೇ ಕ್ಯಾಪನ್ನು ಕೊರೆದು ತೆಗೆದರು. ತೆಗೆಯುವ ಮುನ್ನ, ತೆಗೆದ ಮೇಲೆ ಫೋಟೊ ಹಿಡಿದು, ಚೂರುಗಳನ್ನು ಡಬ್ಬಿಯಲ್ಲಿ ಹಾಕಿಕೊಟ್ಟರು. ಹಿಂಬದಿಯಲ್ಲಿ ಹುಳುಕು ಒಸಡಿನ ಮಟ್ಟದಿಂದ ಕೆಳಗಿಳಿದಿತ್ತು. ಗಟ್ಟಿ ಹಲ್ಲು ಕ್ಯಾಪಿಗೆ ಸಾಕಷ್ಟು ಎತ್ತರದಲ್ಲಿ ಸಿಗದಿದ್ದುದರಿಂದ ಒಸಡಿನ ಸಣ್ಣ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಅದಕ್ಕೆ 4,000, ಹುಳುಕು ತೆಗೆದು ಹಲ್ಲನ್ನು ಕಟ್ಟಿ ನಿಲ್ಲಿಸಲು 1,500, ಹೊಸ ಕ್ಯಾಪಿಗೆ 11,000: ಒಟ್ಟು 16,500 ರೂಪಾಯಿ. ಒಪ್ಪಂದದ ಹಣ ಕಳೆದು 4,500 ಅವರ ಕೈಯಿಂದ ಹೋಯಿತು. ಕ್ಯಾಪ್ ತೆಗೆದ ಮೇಲೆ ಸಹಿ ಹಾಕಿದ್ದರೆ ಈ ಹುಳುಕನ್ನೂ ಲೆಕ್ಕಕ್ಕೆ ತರಬಹುದಿತ್ತು. ತಂದಿದ್ದರೆ ವೈದ್ಯರು ಒಪ್ಪುತ್ತಿದ್ದರೋ, ಮಾತುಕತೆಯೇ ಮುರಿದುಬೀಳುತ್ತಿತ್ತೋ, ಇದು ಬೇರೆ ಮಾತು. ಹಣದ ದೃಷ್ಟಿಯಿಂದ ಒಪ್ಪಂದ ಕೊರತೆಯದಾಯಿತು, ಕಾಲದ ದೃಷ್ಟಿಯಿಂದ ಲಾಭದ್ದು; ಶಿಕ್ಷಕಿಯನ್ನು ಕೇಳಿದರೆ ಎರಡನೆಯದನ್ನೇ ಮೊದಲು ಹೇಳುತ್ತಾರೆ.

ಹೊಸ ಕ್ಯಾಪಿನ ಅಳತೆಯನ್ನು ಒಸಡು ವಾಸಿಯಾದ ಮೇಲೆ, ಬೇಸಿಗೆ ರಜೆಗೆ ಕಾಯ್ದು ತೆಗೆದರು. ಅದುವರೆಗೆ ತಾತ್ಕಾಲಿಕ ಕ್ಯಾಪ್ ಇತ್ತು. ಬಂದ ಕ್ಯಾಪನ್ನು ತಾತ್ಕಾಲಿಕ ಸಿಮೆಂಟ್‌ನಲ್ಲಿ ಕೂರಿಸಿ, ದಾರ ಹಾಯಿಸಿ, ಕಚ್ಚಿಸಿ ಎಕ್ಸ್‌ರೇ ತೆಗೆದು ನೋಡಿದ ಮೇಲೆಯೇ ಕಾಯಂ ಮಾಡಿದರು. ಹೀಗೆ ಮಾಡಿ ಎಂದು ಶಿಕ್ಷಕಿ ಮೊದಲೇ ಕೇಳಿಕೊಂಡಿದ್ದರು, ವೈದ್ಯೆ ಬೇಸರಿಸಲಿಲ್ಲ. ಸವೆದ ಮೇಲಿನ ಹಲ್ಲಿಗೆ ಫ್ಲೋರೈಡ್ ಲೇಪನ ಹಚ್ಚಿದ ನಂತರ ಜುಮ್ಮೆನ್ನುವುದು ಬಹುಮಟ್ಟಿಗೆ ನಿಂತಿತು, ಆ ಬಾರಿಯ ಎಕ್ಸ್‌ರೇಯಲ್ಲಿ ಅದರಲ್ಲಿ ಬೇರೆ ದೋಷ ಕಾಣಲಿಲ್ಲ. ಒಪ್ಪಂದದ ಹೊರಗೆ ಉಳಿಸಿಕೊಂಡಿದ್ದ ಆ ಹಲ್ಲಿಗಾಗಿ ದೂರು ಕೊಡುವ ಪ್ರಸಂಗ ಬರದೆಯೇ 2025ರ ಮೇ ತಿಂಗಳಿಗೆ ಎರಡು ವರ್ಷದ ಅವಧಿ ಮುಗಿಯಿತು.